ವೀಸಾ ಕೊಟ್ಟವರ ಮನೆಯ ಊಟ

“ಸತ್ತವರ ಸುದ್ದಿ ಕಟ್ಟಿಕೊಂಡು ನಿನಗೆ ಆಗ್ಬೇಕಾದ್ದು ಎಂತದು? ಬದುಕಿದವರ ಹೊಟ್ಟೆ ತುಂಬುವ ದಾರಿ ನೋಡು ಮೊದಲು.”

“ಇತಿಹಾಸ ಅಂದ್ರೆ ಸತ್ತವರ ಸುದ್ದಿ ಅಲ್ಲ ಉಮ್ಮ.”

“ಮತ್ತೆ ಯಾರದ್ದು? ಇನ್ನೂ ಹುಟ್ಟದವರದ್ದಾ?”

“ನೀವು ಕೇಳ್ಲಿಕ್ಕೇ ತಯಾರಿಲ್ಲ.”

“ಕೇಳಿ ಕೇಳಿ ಕಿವಿ ತೂತಾಯ್ತು. ವಾರದಿಂದ ಹಿಸ್ಟರಿ, ಹಿಸ್ಟರಿ. ಬೇರೆಯವರ ಮಕ್ಕಳು ಲೆಕ್ಕ ತಗೊಳ್ತಾರೆ, ಬ್ಯಾಂಕಿಗೆ ಹೋಗ್ತಾರೆ. ನನ್ನ ಮಗಳು ಒಡೆದ ಮಡಕೆ ಜೋಡಿಸ್ಲಿಕ್ಕೆ ಹೋಗ್ತಾಳಂತೆ.”

ಝೊಹರಾ ಇದಿಷ್ಟನ್ನೂ ಕನ್ನಡದಲ್ಲಿ ಹೇಳಿದಳು. ಆ ಮನೆಯ ಮಾತು ಬ್ಯಾರಿ. ಅಕ್ಕಿ, ಮೀನು, ಊರಿನ ಸುದ್ದಿ, ಮುದ್ದು ಎಲ್ಲ ಬ್ಯಾರಿಯಲ್ಲೇ. ಸಿಟ್ಟು ಮಾತ್ರ ಕನ್ನಡದಲ್ಲಿ. ಉಪ್ಪಿನಂಗಡಿಯಿಂದ ಆಚೆಗಿನ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಅವಳು ಕಲಿತದ್ದರಲ್ಲಿ ಗಟ್ಟಿಯಾಗಿ ಉಳಿದದ್ದು ಎರಡೇ: ಮಗ್ಗಿ, ಮತ್ತು ಮೇಷ್ಟರು ಬೈಯುತ್ತಿದ್ದ ರೀತಿ. ಹೆಂಡತಿಯ ಬಾಯಲ್ಲಿ ಕನ್ನಡ ಕೇಳಿದ ಕೂಡಲೇ ಉಮರ್ ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ಮಡಚಲು ತೊಡಗುತ್ತಿದ್ದ. ಈಗಲೂ ಅಲ್ಲೇ ಇದ್ದ. ಮಡಚಿಟ್ಟ ಲುಂಗಿಯನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದ.

ಒಲೆಯ ಮೇಲೆ ಬಾಣಲೆ ತುಂಬ ನೀರುಳ್ಳಿ ಕೆಂಪಗಾಗುತ್ತಿತ್ತು. ಅದು ಮನೆಗಲ್ಲ, ಶಾಫಿ ಹಾಜಿಯವರ ಮನೆಗೆ. ಪ್ರತಿ ಶುಕ್ರವಾರ ಅವರ ಮನೆಯ ಬಿರಿಯಾನಿಗೆ ಹುರಿದ ನೀರುಳ್ಳಿ ಝೊಹರಾಳ ಕೈಯದ್ದೇ ಆಗಬೇಕು.

ನಹ್ಲಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ದೋಹಾದಲ್ಲಿ ಶಾಖೆ ತೆರೆದಿರುವ ಒಂದು ವಿದೇಶಿ ವಿಶ್ವವಿದ್ಯಾಲಯದಲ್ಲಿ ಅವಳು ಎರಡನೆಯ ವರ್ಷದ ವಿದ್ಯಾರ್ಥಿನಿ. ಅದು ಕಲೆಯೂ ವ್ಯವಹಾರವೂ ಕೂಡಿದ ಪದವಿ. ಕೆಲವು ತಿಂಗಳು ತರಗತಿ, ಕೆಲವು ತಿಂಗಳು ಯಾವುದಾದರೂ ಕಚೇರಿಯಲ್ಲಿ ನಿಜವಾದ ಕೆಲಸ, ಮತ್ತೆ ತರಗತಿ. ಕೆಲಸಕ್ಕೂ ಅಂಕ ಉಂಟು. ಈಗ ಎಲ್ಲರೂ ಒಂದೊಂದು ವಿಷಯವನ್ನು ತಮ್ಮದೆಂದು ಮೊಬೈಲಿನಲ್ಲೇ ಆರಿಸಿಕೊಳ್ಳಬೇಕು. ಭಾನುವಾರ ಬೆಳಗಾದರೆ ಬಾಗಿಲು ಮುಚ್ಚಿತು. ಒಮ್ಮೆ ಆರಿಸಿದ ಮೇಲೆ ಬದಲಾವಣೆಯಿಲ್ಲ. ಮುಂದಿನ ಓದು ಮಾತ್ರವಲ್ಲ, ಮುಂದಿನ ಕೆಲಸದ ಅವಧಿಗಳೂ ಆ ವಿಷಯದ ಬಾಲ ಹಿಡಿದುಕೊಂಡೇ ಬರುತ್ತವೆ. ಇತಿಹಾಸ ತೆಗೆದುಕೊಂಡರೆ ವಸ್ತುಸಂಗ್ರಹಾಲಯ. ಸರಕು ಸಾಗಣೆ ತೆಗೆದುಕೊಂಡರೆ ಹಮದ್ ಬಂದರಿನ ಬಳಿ ಹಡಗಿನ ಮಾಲು ಬಿಡಿಸಿಕೊಡುವ ಶಾಫಿ ಹಾಜಿಯವರ ಕ್ಲಿಯರಿಂಗ್ ಆಫೀಸು. ಕುರ್ಚಿ ಕಾದಿರಿಸಿಯಾಗಿದೆ ಎಂದು ಹಾಜಿಯವರು ಹೇಳಿ ತಿಂಗಳಾಯಿತು.

“ತರಗತಿಯಲ್ಲಿ ಒಂದು ಹಂಚು ತೋರಿಸಿದ್ರು ಉಮ್ಮ,” ಎಂದಳು ನಹ್ಲಾ. “ಇಲ್ಲಿನ ಹಳೆ ಮನೆಯೊಂದರ ಮಾಡಿನದ್ದು. ಹಿಂದೆ ಮಂಗಳೂರು ಅಂತ ಅಚ್ಚು ಒತ್ತಿತ್ತು. ಹಾಯಿಯ ಮಂಜಿಯಲ್ಲಿ ಕಡಲು ದಾಟಿ ಬಂದದ್ದು. ಅದನ್ನು ಯಾರು ತಂದ್ರು, ಇಲ್ಲಿ ಯಾರಿಗೆ ಮಾರಿದ್ರು, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೇಡಂ ಕೇಳಿದ್ರು, ಇಲ್ಲಿ ಮಂಗಳೂರಿನವರು ಯಾರಾದ್ರೂ ಇದ್ದೀರಾ ಅಂತ. ನಾನು ಒಬ್ಬಳೇ ಕೈ ಎತ್ತಿದ್ದು.”

“ಹಂಚು ನೋಡ್ಲಿಕ್ಕೆ ಕತಾರಿಗೆ ಬರ್ಬೇಕಾ? ನನ್ನ ತಾಯಿ ಮನೆ ಹಿಂದೆ ರಾಶಿ ಬಿದ್ದುಂಟು. ಅದರಡಿಯಲ್ಲಿ ಹಾವೂ ಉಂಟು. ಹೋಗಿ ಓದು.”

“ಹೋದ ಸಲ ಕೆಲಸದ ತಿಂಗಳಲ್ಲಿ ಹಾಜಿ ಮಾಮನ ಆಫೀಸಿನಲ್ಲಿ ನಾನು ಮಾಡಿದ್ದು ಎಂತ ಅಂತ ನಿಮಗೆ ಗೊತ್ತುಂಟಾ?”

ಬಾಲ್ಕನಿಯಲ್ಲಿ ಉಮರ್ ಕೆಮ್ಮಿದ.

“ಗೊತ್ತಿಲ್ಲದೆ ಎಂತ?” ಎಂದಳು ಝೊಹರಾ. “ಊರಿಗೆಲ್ಲ ಹೇಳಿದ್ದೇನೆ. ನನ್ನ ಮಗಳು ಬಂದರಿನಲ್ಲಿ ಹಡಗಿನ ಮಾಲು ಇಳಿಸ್ತಾಳೆ ಅಂತ ತಂಗಿಗೆ ವಾಟ್ಸಾಪಿನಲ್ಲಿ ವಾಯ್ಸ್ ಹಾಕಿದ್ದೇನೆ. ಹಾಜಿಯವರೇ ಬರೆದುಕೊಟ್ರಲ್ಲ, ಬಹಳ ಒಳ್ಳೆ ಕೆಲಸ ಅಂತ.”

ನಹ್ಲಾ ಬಾಲ್ಕನಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಝೊಹರಾ ನೀರುಳ್ಳಿಯನ್ನು ಡಬ್ಬಿಗೆ ಸುರಿದು ಮುಚ್ಚಳವನ್ನು ಹೊಡೆದಂತೆ ಒತ್ತಿದಳು.

ಶಾಫಿ ಹಾಜಿಯವರು ಯಾರು ಎಂದು ಈ ಮನೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ, ಓದುವವರಿಗೆ ಹೇಳಬೇಕು. ಉಮರನ ಅಕ್ಕ ಆಸ್ಯಮ್ಮನ ಗಂಡ. ಉಮರನಿಗೆ ಕತಾರಿನ ಮೊದಲ ವೀಸಾ ಕೊಟ್ಟವರು. ಗಲ್ಫಿನಲ್ಲಿ ಬಾಳಿದ ಬ್ಯಾರಿಗಳಿಗೆ ಇದರ ಅರ್ಥ ಗೊತ್ತು. ಹೆತ್ತವರ ಮಾತು ಮೀರಬಹುದು, ಹೆಂಡತಿಯ ಮಾತು ಮೀರಬಹುದು, ವೀಸಾ ಕೊಟ್ಟವರ ಮಾತು ಮೀರುವಂತಿಲ್ಲ. ಉಮರ್ ಊರಲ್ಲಿ ಮನೆ ಕಟ್ಟಿದ್ದು ಹಾಜಿಯವರು ತೋರಿಸಿದ ಜಾಗದಲ್ಲಿ. ಮನ್ಸೂರಾದ ಈ ಫ್ಲ್ಯಾಟು ಹಿಡಿದದ್ದು ಅವರು ಹೇಳಿದ ಮೇಲೆ. ಮಗಳಿಗೆ ಝೊಹರಾ ಬೇರೆಯೇ ಹೆಸರು ಯೋಚಿಸಿದ್ದಳು. ನಹ್ಲಾ ಎಂದು ಇಟ್ಟವರು ಅವರು. ಉಮರ್ ಹಾಜಿಯವರ ಕೆಲಸ ಬಿಟ್ಟು ಬೇರೆ ಕಂಪನಿ ಸೇರಿ ಯಾವ ಕಾಲವಾಯಿತೋ. ಆ ವೀಸಾ ಅಂಟಿಸಿದ್ದ ಪಾಸ್‌ಪೋರ್ಟೇ ರದ್ದಾಗಿ ಊರಿನ ಕಪಾಟಿನಲ್ಲಿ ಬಿದ್ದಿದೆ. ಋಣ ಮಾತ್ರ ವರ್ಷ ವರ್ಷ ನವೀಕರಣವಾಗುತ್ತಲೇ ಇದೆ.

ಹಾಗೆಂದು ಹಾಜಿಯವರು ಕೆಟ್ಟವರಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಅವರಿಂದಲೇ. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಅವರು ವೀಸಾ ಕೊಟ್ಟು ಕರೆಸಿದವರೆಲ್ಲ ಅಲ್ ಅಜೀಜಿಯಾದ ಅವರ ವಿಲ್ಲಾಕ್ಕೆ ಬರುತ್ತಾರೆ. ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಿಂದ ಬರುವವರೂ ಇದ್ದಾರೆ, ಸ್ವಂತ ಅಂಗಡಿ ಇಟ್ಟವರೂ ಇದ್ದಾರೆ. ಎಲ್ಲರಿಗೂ ಒಂದೇ ಹಾಸಿನಲ್ಲಿ ಊಟ. ಊಟಕ್ಕೆ ಮುಂಚೆ ಅವರವರ ವಿಷಯ ಹಾಜಿಯವರ ಮುಂದೆ ಬರುತ್ತದೆ. ಯಾರ ಮಗಳಿಗೆ ಎಲ್ಲಿಯ ಸಂಬಂಧ, ಯಾರು ಅಂಗಡಿ ಮಾರಬೇಕು, ಯಾರು ಮಾರಬಾರದು. ಹೊಸ ಕಾರಿನ ಕೀಲಿಯನ್ನು ಮೊದಲು ಅವರ ಕೈಯಲ್ಲಿ ಇಟ್ಟು ತೆಗೆದುಕೊಳ್ಳುವ ಕ್ರಮ. ಅವರ ಕೈ ತಾಗಿದರೆ ಬರಕತ್ತು, ಏಳಿಗೆ ಎಂದು ನಂಬಿಕೆ. ಹೆಂಗಸರು ಒಳಗೆ ಅಡುಗೆಮನೆಯಲ್ಲಿ. ಹೆಂಗಸರು ಎಂದರೆ ಮುಖ್ಯವಾಗಿ ಝೊಹರಾ. ಆಸ್ಯಮ್ಮನಿಗೆ ಮೊಣಕಾಲು ನೋವು ಶುರುವಾದಂದಿನಿಂದ ಶುಕ್ರವಾರದ ಅಡುಗೆ ಇವಳದ್ದೇ.

ಆ ಶುಕ್ರವಾರವೂ ಉಮರ್ ಇಬ್ಬರನ್ನೂ ವಿಲ್ಲಾದಲ್ಲಿ ಇಳಿಸಿ ನಮಾಜಿಗೆ ಹೋದ. ಇಳಿಯುವಾಗ ಝೊಹರಾ ಮಗಳ ಶಾಲನ್ನು ಸರಿಪಡಿಸುತ್ತ, “ಮಾಮ ಕೇಳಿದ್ರೆ ಹ್ಞೂಂ ಅನ್ನು. ಖಲಾಸ್. ಉದ್ದ ಭಾಷಣ ಬೇಡ,” ಎಂದಳು. ಅದನ್ನು ಬ್ಯಾರಿಯಲ್ಲಿ ಹೇಳಿದ್ದರಿಂದ ಬೇಡಿಕೊಂಡಂತೆಯೇ ಕೇಳಿಸಿತು.

ಅಕ್ಕಿ ಅರ್ಧ ಬೆಂದಿತ್ತು. ಝೊಹರಾ ಕೋಳಿಯ ಮಸಾಲೆಯ ಮೇಲೆ ಅನ್ನ ಹರಡಿ, ತುಪ್ಪ ಸುರಿದು, ಹುರಿದ ನೀರುಳ್ಳಿ ಉದುರಿಸಿ, ದೊಡ್ಡ ಪಾತ್ರೆಯ ಬಾಯಿಗೆ ಮೈದಾಹಿಟ್ಟಿನ ಹಗ್ಗ ಸುತ್ತಿ ಮುಚ್ಚಳ ಅಂಟಿಸಿದಳು. ದಮ್‌ಗೆ ಇಟ್ಟ ಮೇಲೆ ಇನ್ನು ಅವಳ ಮೂಗೇ ಗಡಿಯಾರ. ಹಿಟ್ಟಿನ ಸಂದಿಯಿಂದ ಬರುವ ವಾಸನೆ ಒಂದು ಹದಕ್ಕೆ ತಿರುಗಿದಾಗ ತೆಗೆಯಬೇಕು. ಮುಂಚೆ ತೆಗೆದರೆ ಅಕ್ಕಿ ಹಲ್ಲಿಗೆ ಸಿಗುತ್ತದೆ, ತಡವಾದರೆ ತಳ ಹಿಡಿಯುತ್ತದೆ. ಆ ಹದ ಯಾವುದು ಎಂದು ಆಸ್ಯಮ್ಮ ಎಷ್ಟೋ ಸಲ ಕೇಳಿದ್ದುಂಟು. ಹೇಳಲು ಝೊಹರಾಳಿಗೂ ಬರುತ್ತಿರಲಿಲ್ಲ.

ಆಸ್ಯಮ್ಮ ಕುರ್ಚಿ ಹಾಕಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು. ಬಾಯಿ ತುಂಬ ಮಾತು, ಮನಸ್ಸಿನಲ್ಲಿ ಕಲ್ಮಷವಿಲ್ಲದ ಹೆಂಗಸು.

“ಈ ಸಲವೂ ನಹ್ಲಾ ನಮ್ಮ ಆಫೀಸಿಗೇ ಬರ್ತಾಳಲ್ಲ, ನನಗೊಂದು ಸಮಾಧಾನ ನೋಡು,” ಎಂದರು. “ಹೋದ ಸಲ ಅವಳಿದ್ದದ್ದಕ್ಕೆ ಈ ಪರದೆ ಎಲ್ಲ ಆಯ್ತು. ಬಣ್ಣ ಆರಿಸ್ಲಿಕ್ಕೆ ಅವಳ ಹಾಗೆ ಯಾರಿಗೂ ಬರುದಿಲ್ಲ.”

“ಯಾವ ಪರದೆ? ಆಫೀಸಿನದ್ದಾ?”

“ಆಫೀಸಿಗೆ ಎಂತ ಪರದೆ? ಈ ಮನೆಯದ್ದು. ಬೆಳಿಗ್ಗೆ ಡ್ರೈವರ್ ಅವಳನ್ನು ಆಫೀಸಿಗೆ ಬಿಡ್ತಿದ್ದ. ಅಲ್ಲಿ ಗಾಜಿನ ಕೋಣೆಯಲ್ಲಿ ಕೂತು ಒಂದು ಚಾ ಕುಡಿಯುವಾಗ ನಾನು ಗಾಡಿ ಕಳಿಸ್ತಿದ್ದೆ. ಮತ್ತೆ ನಾವಿಬ್ಬರೂ ಅಂಗಡಿ ಸುತ್ತುವುದು. ಮಧ್ಯಾಹ್ನ ಮೇಲೆ ಮೊಮ್ಮಗನ ಹೋಂವರ್ಕ್. ಅವನಿಗೆ ಸೈನ್ಸ್ ಪ್ರಾಜೆಕ್ಟಿನಲ್ಲಿ ಫಸ್ಟ್ ಬಂತು, ಗೊತ್ತುಂಟಲ್ಲ?”

ಝೊಹರಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಮತ್ತೆ ಕಂಟೈನರು? ಹಡಗು?”

“ನಮ್ಮ ಹುಡುಗಿ ಗಂಡಸರ ನಡುವೆ ಕೂತು ಕಂಟೈನರ್ ನೋಡುವುದು ಚಂದವಾ ಝೊಹರಾ? ಹಾಜಿಯವರೇ ಹೇಳಿದ್ದು, ಅವಳಿಗೆ ಕೆಲಸ ಕೊಡ್ಬೇಡಿ, ಮನೆಯವಳು, ಸರ್ಟಿಫಿಕೇಟ್ ನಾನು ಕೊಡ್ತೇನೆ ಅಂತ. ಉಮರನಿಗೂ ಹೇಳಿದ್ರು. ಅವನು ಒಳ್ಳೆದೇ ಆಯ್ತು ಭಾವ ಅಂದ. ಇನ್ನು ಆ ವಿಷಯವೇ ತಗೊಂಡ್ರೆ ಮುಂದಿನ ಸಲವೂ, ಅದರ ಮುಂದಿನ ಸಲವೂ ನಮ್ಮಲ್ಲೇ. ನನ್ನ ಮೊಣಕಾಲಿಗೂ ಒಂದು ಜನ ಆಯ್ತು.”

ಝೊಹರಾ ಸೌಟನ್ನು ಕೆಳಗಿಟ್ಟಳು. ಬೆಳಿಗ್ಗೆ ಮಗಳು ಬಾಲ್ಕನಿಯ ಕಡೆ ಏಕೆ ನೋಡಿದಳು, ಗಂಡ ಏಕೆ ಕೆಮ್ಮಿದ ಎಂಬುದು ಈಗ ತಿಳಿಯಿತು. ಊರಿನ ತಂಗಿಗೆ ಕಳಿಸಿದ ವಾಯ್ಸ್ ನೆನಪಾಯಿತು. ಆ ತಂಗಿ ಅದನ್ನು ಊರಿಗೆಲ್ಲ ಕೇಳಿಸಿದ್ದಳು.

“ನಹ್ಲಾ ಎಲ್ಲಿ?” ಎಂದಳು.

“ಹಾಜಿಯವರು ಮಜ್ಲಿಸಿಗೆ ಕರೆದ್ರು ಈಗ.”

ಮಜ್ಲಿಸ್ ಎಂದರೆ ಗಂಡಸರು ಕೂರುವ ದೊಡ್ಡ ಕೋಣೆ. ಮಕ್ಕಳು, ಹುಡುಗಿಯರು ಕರೆದರೆ ಹೋಗುವುದುಂಟು. ಝೊಹರಾ ಆ ಕೋಣೆಯ ಬಾಗಿಲವರೆಗೆ ಎಷ್ಟೋ ತಟ್ಟೆಗಳನ್ನು ಮುಟ್ಟಿಸಿದ್ದಳು, ಹೊಸಿಲು ದಾಟಿದವಳಲ್ಲ. ಅವಳು ತಲೆಯ ಮೇಲಿನ ಶಾಲನ್ನು ಬಿಗಿದುಕೊಂಡು ಆ ಕಡೆ ನಡೆದಳು.

ಬಾಗಿಲು ಅರ್ಧ ತೆರೆದಿತ್ತು. ಜುಮಾ ಮುಗಿಸಿ ಬಂದ ಗಂಡಸರು ಗೋಡೆಗುಂಟ ಕೂತಿದ್ದರು. ಉಮರ್ ಕೊನೆಯಲ್ಲಿ ಒಂದು ಸಮೋಸ ಹಿಡಿದುಕೊಂಡು, ಅದನ್ನು ತಿನ್ನದೆ ನೋಡುತ್ತಿದ್ದ. ನಡುವೆ ಹಾಜಿಯವರು, ಬಿಳಿಗಡ್ಡ, ನಗುಮುಖ. ಅವರ ಮುಂದೆ ನಹ್ಲಾ ನಿಂತಿದ್ದಳು.

“ನಾನು ಇನ್ನೂ ತೀರ್ಮಾನ ಮಾಡ್ಲಿಲ್ಲ ಮಾಮ,” ಎನ್ನುತ್ತಿದ್ದಳು. “ನನಗೆ ಹಿಸ್ಟರಿ...”

“ತೀರ್ಮಾನ ಮಾಡ್ಲಿಕ್ಕೆ ನಾವಿಲ್ಲವಾ ಮಗಾ? ಈ ಕೋಣೆಯಲ್ಲಿ ಇಷ್ಟು ಜನ ಇದ್ದಾರಲ್ಲ, ಯಾರಾದ್ರೂ ತಾವೇ ತೀರ್ಮಾನ ಮಾಡಿ ಬಂದವರಾ? ಕೇಳು ಬೇಕಾದ್ರೆ.”

ಗಂಡಸರು ನಕ್ಕರು. ಗ್ಯಾರೇಜಿನ ಒಬ್ಬ, “ಹಾಜಿಯವರು ಹೇಳದಿದ್ರೆ ನಾನು ಇವತ್ತಿಗೂ ಮಂಗಳೂರಿನ ಪಂಪ್ವೆಲ್ಲಿನಲ್ಲಿ ರಿಕ್ಷಾ ಓಡಿಸ್ತಿದ್ದೆ,” ಎಂದ.

“ಕೇಳಿದೆಯಾ? ಮೊಬೈಲ್ ಕೊಡು ಇಲ್ಲಿ. ಬಿಸ್ಮಿಲ್ಲಾ ಹೇಳಿ ನಾನೇ ಒತ್ತಿಕೊಡ್ತೇನೆ. ಯಾವುದಮ್ಮ ಬಟನ್, ಇದಾ?”

ಅವರು ಕೈ ಚಾಚಿ ನಹ್ಲಾಳ ಕೈಯಿಂದಲೇ ಮೊಬೈಲನ್ನು ತೆಗೆದುಕೊಂಡರು. ಅದರಲ್ಲಿ ಒರಟೇನೂ ಇರಲಿಲ್ಲ. ಹೊಸ ಕಾರಿನ ಕೀಲಿಯನ್ನು ತೆಗೆದುಕೊಳ್ಳುವ ಹಾಗೆಯೇ ತೆಗೆದುಕೊಂಡರು. ಕನ್ನಡಕವನ್ನು ಹಣೆಗೆ ಏರಿಸಿ, ತೋರುಬೆರಳನ್ನು ಮೊಬೈಲಿನ ಪರದೆಯ ಹತ್ತಿರ ತಂದರು. ನಹ್ಲಾ ತಂದೆಯ ಕಡೆ ನೋಡಿದಳು. ಉಮರ್ ಸಮೋಸದ ಕಡೆ ನೋಡಿದ.

ಝೊಹರಾ ಹೊಸಿಲು ದಾಟಿ ಒಳಗೆ ಬಂದು ಹಾಜಿಯವರ ಕೈಯಿಂದ ಮೊಬೈಲನ್ನು ತೆಗೆದುಕೊಂಡಳು.

ಕೋಣೆಯ ನಗು ನಿಂತುಹೋಯಿತು. ಯಾರೋ ಎದ್ದು ನಿಂತು ಮತ್ತೆ ಕೂತರು.

“ಎಂತ ಝೊಹರಾ ಇದು? ಗಂಡಸರು ಇದ್ದಾರೆ,” ಎಂದರು ಹಾಜಿಯವರು ಬ್ಯಾರಿಯಲ್ಲಿ.

“ನೋಡಿದೆ. ಒಬ್ಬರೂ ಬಾಯಿ ಬಿಡ್ಲಿಲ್ಲ,” ಎಂದಳು ಝೊಹರಾ ಕನ್ನಡದಲ್ಲಿ.

ಉಮರ್ ಕಣ್ಣು ಮುಚ್ಚಿಕೊಂಡ. ಇಲ್ಲಿ ಅವನಿಗೆ ಬಾಲ್ಕನಿ ಇರಲಿಲ್ಲ.

“ಬ್ಯಾರಿಯಲ್ಲಿ ಹೇಳು. ಮನೆಯವರೇ ಅಲ್ವಾ?”

“ಬ್ಯಾರಿಯಲ್ಲಿ ಹೇಳಿದ್ರೆ ನಾನು ಬೇಡಿದ ಹಾಗೆ ಕೇಳ್ತದೆ ಹಾಜಿಯವರೇ. ಕನ್ನಡದಲ್ಲೇ ಇರ್ಲಿ. ಹೋದ ಸಲ ಇವಳು ನಿಮ್ಮ ಆಫೀಸಿನಲ್ಲಿ ಮಾಡಿದ ಕೆಲಸ ಎಂತದು?”

“ಕೆಲಸ? ಎಲ್ಲ ಮಾಡಿದ್ಳು. ಬರೆದು ಕೊಟ್ಟಿದ್ದೇನಲ್ಲ.”

“ನೀವು ಬರೆದು ಕೊಟ್ಟದ್ದು ಓದಿದ್ದೇನೆ. ಅದರಲ್ಲಿ ಪರದೆ ಅಂತ ಎಲ್ಲಿಯೂ ಇರ್ಲಿಲ್ಲ.”

ಹಾಜಿಯವರು ಗಡ್ಡ ಸವರಿಕೊಂಡರು. ಅವರಿಗೆ ನಿಜವಾಗಿಯೂ ಅದರಲ್ಲಿ ತಪ್ಪೇನೆಂದು ಕಾಣಲಿಲ್ಲ. “ಅವಳನ್ನು ಮಗಳ ಹಾಗೆ ನೋಡಿದೆ. ಕೂಲಿಯವಳ ಹಾಗೆ ದುಡಿಸ್ಬೇಕಿತ್ತಾ? ಬಂದರಿನ ಬಿಸಿಲಿಗೆ ನಿಲ್ಲಿಸ್ಬೇಕಿತ್ತಾ?”

“ನಿಲ್ಲಿಸ್ಬೇಕಿತ್ತು. ಕಲೀಲಿಕ್ಕೆ ಕಳಿಸಿದ್ದು ನಾನು. ಮಗಳ ಹಾಗೆ ಕೂರಿಸ್ಲಿಕ್ಕೆ ನನ್ನ ಮನೆಯಲ್ಲೇ ಸೋಫಾ ಉಂಟು.”

“ಝೊಹರಾ,” ಎಂದ ಉಮರ್ ಮೆಲ್ಲಗೆ, “ಭಾವನ ಎದುರು...”

“ನೀವು ಸಮೋಸ ತಿನ್ನಿ. ನಿಮ್ಮದು ಮನೆಯಲ್ಲಿ ಉಂಟು.”

ಯಾರೋ ಒಬ್ಬ ನಗು ತಡೆಯಲಾರದೆ ಕೆಮ್ಮಿದ. ಹಾಜಿಯವರ ಮುಖದ ಬಣ್ಣ ಬದಲಾಯಿತು. ಇಷ್ಟು ವರ್ಷದ ಶುಕ್ರವಾರಗಳಲ್ಲಿ ಆ ಹಾಸಿನ ಮೇಲೆ ಅವರ ಎದುರು ಯಾರೂ ಇಷ್ಟು ಹೊತ್ತು ನಿಂತು ಮಾತಾಡಿದ್ದಿಲ್ಲ.

“ನೋಡು,” ಎಂದರು, ಅವರೂ ಈಗ ಕನ್ನಡಕ್ಕೆ ಬಂದಿದ್ದರು. “ನಿನಗೆ ಸಿಟ್ಟು ಬಂದಿದೆ, ಬಿಡು. ನಾನು ಕೇಳುವುದು ಒಂದೇ. ಇತಿಹಾಸ ಓದಿ ಇವಳಿಗೆ ಯಾರು ಅನ್ನ ಹಾಕ್ತಾರೆ? ನೀನೇ ಹೇಳು. ನಿನಗೂ ಇಷ್ಟ ಇಲ್ಲ ಅಂತ ಉಮರ್ ಹೇಳಿದ.”

ಅದು ಸರಿಯಾದ ಪೆಟ್ಟು. ನಹ್ಲಾ ತಾಯಿಯ ಮುಖ ನೋಡಿದಳು. ಸುಳ್ಳು ಹೇಳುವುದು ಝೊಹರಾಳಿಗೆ ಬರುತ್ತಿರಲಿಲ್ಲ, ಅದರಲ್ಲೂ ಕನ್ನಡದಲ್ಲಿ.

“ಇಷ್ಟ ಇಲ್ಲ,” ಎಂದಳು. “ಇತಿಹಾಸ ದಂಡ ಅಂತಲೇ ನನಗೆ ಕಾಣುವುದು. ಬೆಳಿಗ್ಗೆ ಇದೇ ಬಾಯಿಂದ ಬೈದಿದ್ದೇನೆ, ಸಂಜೆಗೂ ಬೈಯ್ಲಿಕ್ಕುಂಟು. ಆದ್ರೆ ಬೈಯುವವಳು ನಾನು. ಕೇಳುವವಳು ಅವಳು. ಒತ್ತುವ ಬೆರಳು ಅವಳದ್ದು. ನಿಮ್ಮ ಬೆರಳಿಗೆ ಇದರಲ್ಲಿ ಎಂತ ಕೆಲಸ?”

“ಈ ಬೆರಳೇ ನಿನ್ನ ಗಂಡನಿಗೆ ವೀಸಾ ಕೊಟ್ಟದ್ದು.”

“ಹೌದು. ಅವರಿಗೆ ಕೊಟ್ರಿ. ಅವರು ನಿಮ್ಮ ಗೋಡೌನಿನಲ್ಲಿ ಆರು ವರ್ಷ ಮೈಮುರಿದು ತೀರಿಸಿದ್ರು. ಮಿಕ್ಕಿದ್ದಕ್ಕೆ ನಾನು ನಿಮ್ಮ ಒಲೆಯ ಮುಂದೆ ನಿಂತೆ, ಮನೆಯ ಜಾಗ ನೀವು ಹೇಳಿದಲ್ಲಿಗೆ ಬಿಟ್ಟೆ, ಮಗಳ ಹೆಸರು ನಿಮಗೆ ಬಿಟ್ಟೆ. ಇವಳು ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲಿ, ನಿಮ್ಮ ವೀಸಾದಲ್ಲಿ ಬಂದವಳಲ್ಲ. ಋಣಕ್ಕೂ ಒಂದು ಮುಗಿಯುವ ತಾರೀಕು ಬೇಡವಾ?”

ಪಂಪ್ವೆಲ್ಲಿನ ರಿಕ್ಷಾದವನು ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತ ಕೂತಿದ್ದ.

ಹಾಜಿಯವರು ಕನ್ನಡಕವನ್ನು ಹಣೆಯಿಂದ ಇಳಿಸಿದರು. ದನಿ ಏರಿಸಲಿಲ್ಲ. ಏರಿಸುವ ಅಭ್ಯಾಸವೇ ಅವರಿಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ. “ಆಯ್ತು. ಆ ಕುರ್ಚಿಗೆ ಬೇರೆಯವರು ಬರ್ತಾರೆ. ಆದ್ರೆ ಒಂದು ತಿಳ್ಕೋ ಝೊಹರಾ. ನನ್ನ ಮಾತನ್ನು ಈ ಕೋಣೆಯಲ್ಲಿ ತಳ್ಳಿ ಹೊರಗೆ ಹೋದವರು ಮತ್ತೆ ಈ ಮನೆಯ ಮೆಟ್ಟಿಲು ಹತ್ತುವ ಕ್ರಮ ಇಲ್ಲ.”

“ಕ್ರಮ ಒಳ್ಳೆದುಂಟು,” ಎಂದಳು ಝೊಹರಾ.

ಅವಳು ಮಗಳ ಮೊಬೈಲನ್ನು ಮಗಳ ಕೈಯಲ್ಲಿಟ್ಟಳು. “ತಗೋ. ಯಾವುದು ಬೇಕೋ ಒತ್ತು. ಇಲ್ಲೇ ಒತ್ತು.”

“ಇಲ್ಲೇ?”

“ಇಲ್ಲಿ ಅಲ್ಲದೆ? ಎಲ್ಲರೂ ನೋಡ್ಲಿಕ್ಕೇ ಕೂತದ್ದಲ್ಲವಾ.”

ನಹ್ಲಾ ಮೊಬೈಲಿನ ಮೇಲೆ ಬೆರಳಾಡಿಸಿದಳು. ಒಮ್ಮೆ ತಪ್ಪಾಗಿ ಬೇರೆಯೇನೋ ತೆರೆದುಕೊಂಡಿತು. ಅವಳು ಹಿಂದಕ್ಕೆ ಹೋಗಿ, ಸರಿಯಾದ ಸಾಲನ್ನು ಹುಡುಕಿ, ಒತ್ತಿದಳು. ಖಚಿತವೇ ಎಂದು ಅದು ಕೇಳಿತು. ಮತ್ತೊಮ್ಮೆ ಒತ್ತಿದಳು.

“ಆಯ್ತು ಉಮ್ಮ.”

“ಎಂತ ಒತ್ತಿದ್ದು?”

“ಹಿಸ್ಟರಿ.”

“ಗೊತ್ತಿತ್ತು,” ಎಂದಳು ಝೊಹರಾ. “ಹಠಕ್ಕೆ ಹುಟ್ಟಿದವಳು. ನಡಿ.”

ಉಮರ್ ಎದ್ದು ನಿಂತಿದ್ದ. ಕಾರಿನ ಕೀಲಿ ಅವನ ಕೈಯಲ್ಲಿತ್ತು, ಸಮೋಸವೂ ಇತ್ತು. ಅವನು ಹಾಜಿಯವರನ್ನು ನೋಡಿದ, ಹೆಂಡತಿಯನ್ನು ನೋಡಿದ. ಹೆಂಡತಿ ಅವನಿಗಾಗಿ ನಿಲ್ಲಲಿಲ್ಲ. ಗಂಡಸರ ಚಪ್ಪಲಿಗಳ ರಾಶಿಯನ್ನು ದಾಟಿ, ಇಷ್ಟು ವರ್ಷ ಹಿಂಬಾಗಿಲಿನಿಂದ ಬಂದು ಹೋಗುತ್ತಿದ್ದವಳು, ಮುಂಬಾಗಿಲನ್ನು ತಾನೇ ತೆರೆದಳು. ಹೊರಗೆ ಬಿಸಿಲು ಬಿಳಿಯಾಗಿ ಬಿದ್ದಿತ್ತು. ಅವಳ ಚಪ್ಪಲಿ ಹಿಂಬಾಗಿಲಿನಲ್ಲಿತ್ತು. ಕಾದ ನೆಲದ ಮೇಲೆ ಬರಿಗಾಲಲ್ಲಿ ಮನೆಯನ್ನು ಬಳಸಿ ಹೋಗಿ ಅದನ್ನು ಹಾಕಿಕೊಂಡು ಬಂದಳು; ನಹ್ಲಾ ಗೇಟಿನ ಬಳಿ ಟ್ಯಾಕ್ಸಿ ಕರೆಯುತ್ತ ನಿಂತಿದ್ದಳು.

“ಉಪ್ಪ ಬರ್ತಾರಾ?” ತಂದೆ ಬರಬೇಕಾದ ಬಾಗಿಲನ್ನು ನೋಡುತ್ತ ನಹ್ಲಾ ಕೇಳಿದಳು.

“ಬಂದ್ರೆ ಬರ್ತಾರೆ. ದಾರಿ ಅವರಿಗೂ ಗೊತ್ತುಂಟು.” ಝೊಹರಾ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು. “ಈಗ ಹೇಳು. ಆ ಹಂಚು ಮಂಗಳೂರಿನ ಯಾವ ಕಾರ್ಖಾನೆಯದ್ದು?”

ನಹ್ಲಾ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಟ್ಯಾಕ್ಸಿ ಬಂದು ನಿಂತಿತು, ಅಡುಗೆಮನೆಯ ಕಿಟಕಿಯೂ ತೆರೆಯಿತು. ಮಜ್ಲಿಸಿನಲ್ಲಿ ಏನು ನಡೆಯಿತೆಂದು ಇನ್ನೂ ತಿಳಿಯದ ಆಸ್ಯಮ್ಮ ಅಲ್ಲಿಂದ ಕೂಗಿದರು.

“ಝೊಹರಾ, ಎಲ್ಲಿ ಹೋದೆ ಮಾರಾಯ್ತಿ? ವಾಸನೆ ಬರ್ತಾ ಉಂಟು. ದಮ್ ಈಗ ತೆಗೀಬೇಕಾ, ಇನ್ನು ಸ್ವಲ್ಪ ಇರ್ಲಾ?”

ವಾಸನೆ ಗೇಟಿನವರೆಗೂ ಬರುತ್ತಿತ್ತು. ಅದು ತೆಗೆಯುವ ಹದ. ಝೊಹರಾಳ ಮೂಗಿಗೆ ಅದು ಗೊತ್ತಾಯಿತು, ಕೈ ತನ್ನಿಂದ ತಾನೇ ಸ್ವಲ್ಪ ಮೇಲೆದ್ದಿತು. ಅವಳು ಆ ಕೈಯಿಂದ ಟ್ಯಾಕ್ಸಿಯ ಬಾಗಿಲು ತೆರೆದು ಒಳಗೆ ಕೂತಳು. ಆ ಮನೆಯ ಪಾತ್ರೆಯನ್ನು ಅವಳು ಮತ್ತೆಂದೂ ತೆರೆಯಲಿಲ್ಲ.